ವೈಂಡಿಂಗ್ ಅಂಗಡಿಯಲ್ಲಿ ಹುಟ್ಟಿದ ಗಿಟಾರ್ ಆಂಪ್

ಗಿಟಾರಿನ ದನಿ ಏರಿಸುವ ನನ್ನ ವಾಲ್ವ್ ಆಂಪ್ಲಿಫೈಯರ್, ಅಂದರೆ ಆಂಪ್, ನೋಡಲು ಬಂದವರೆಲ್ಲ ಮೊದಲು ಬಗ್ಗಿ ನೋಡುವುದು ಮೇಲೆ ಕೆಂಪಗೆ ಬೆಳಗುವ ಎರಡು ಗಾಜಿನ ವಾಲ್ವ್‌ಗಳನ್ನು. ಅವು ಚೆಂದವಾಗಿಯೇ ಇವೆ, ನನಗೂ ಇಷ್ಟ. ಆದರೆ ಅವುಗಳ ಹಿಂದೆ ಕೂತಿರುವ ಎರಡು ಕಪ್ಪು ಟ್ರಾನ್ಸ್‌ಫಾರ್ಮರ್‌ಗಳನ್ನು ತೋರಿಸದೆ ನಾನು ಯಾರನ್ನೂ ಕಳಿಸುವುದಿಲ್ಲ. ವಾಲ್ವ್ ದುಡ್ಡು ಕೊಟ್ಟರೆ ಎಲ್ಲಿಂದಲಾದರೂ ಬರುತ್ತದೆ. ಈ ಎರಡನ್ನು ಮಾತ್ರ ಕಲಬುರಗಿಯಲ್ಲೇ, ಬೋರ್‌ವೆಲ್ ಮೋಟರ್ ಸುತ್ತುವ ಅಂಗಡಿಯಲ್ಲಿ, ನಮ್ಮ ಓಣಿಯ ಕರೆಂಟಿಗೆ ಅಂತಲೇ ಲೆಕ್ಕ ಹಾಕಿ ಸುತ್ತಿಸಿದ್ದು. ಈ ಆಂಪಿನ ಅರ್ಧ ಗುಣ ಅಲ್ಲೇ ಇದೆ.

ನಾನು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮನೆ ಕಲಬುರಗಿಯ ಬ್ರಹ್ಮಪುರದ ಹಳೆ ಓಣಿಯಲ್ಲಿ. ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ನಾಲ್ಕೈದು ಜನ ಸೇರಿ ವಚನ, ತತ್ವಪದ ಹಾಡುತ್ತೇವೆ. ಪಕ್ಕದ ಮನೆ ಕಾಕಾ ಪೇಟಿ ನುಡಿಸುತ್ತಾರೆ, ಅವರ ಅಳಿಯ ತಬಲಾ, ನಾನು ಎಲೆಕ್ಟ್ರಿಕ್ ಗಿಟಾರ್. ಮೊದಲಿದ್ದ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ ಈ ಕೂಟಕ್ಕೆ ಹೊಂದುತ್ತಲೇ ಇರಲಿಲ್ಲ. ಸಣ್ಣಗೆ ಇಟ್ಟರೆ ಗಿಟಾರಿನಲ್ಲಿ ಜೀವ ಇರುತ್ತಿರಲಿಲ್ಲ. ಏರಿಸಿದರೆ ಪೇಟಿಯ ಸ್ವರವನ್ನೇ ನುಂಗುತ್ತಿತ್ತು. ತಂತಿಯನ್ನು ಮೆಲ್ಲಗೆ ಮೀಟಿದರೆ ತಿಳಿಯಾಗಿ ನುಡಿಯಬೇಕು, ಒತ್ತಿ ಮೀಟಿದರೆ ಸ್ವಲ್ಪ ಒರಟಾಗಬೇಕು, ಅದೂ ಪಡಸಾಲೆಯ ಸದ್ದಿನಲ್ಲೇ. ನನಗೆ ಬೇಕಿದ್ದದ್ದು ಇಷ್ಟು.

ಆ ಒರಟುತನ ವಾಲ್ವಿಗೆ ಬರುವುದು ಅದನ್ನು ಅದರ ಮಿತಿಯವರೆಗೆ ದುಡಿಸಿದಾಗ. 50 ವಾಟಿನ ಆಂಪನ್ನು ಹಾಗೆ ದುಡಿಸಿದರೆ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. 5 ವಾಟಿಗೆ ಇಳಿಸಿದರೆ 10 ಡೆಸಿಬಲ್ ಕಡಿಮೆ. ಕಿವಿಗೆ ಅದು ಸುಮಾರು ಅರ್ಧ ಸದ್ದಿನಂತೆ ಕೇಳುತ್ತದೆ. ಅಂದರೆ 5 ವಾಟ್ ಕೂಡ ಕಡಿಮೆ ಸದ್ದೇನಲ್ಲ, ಮನೆಗೆ ಧಾರಾಳವಾಯಿತು. ಹಾಗಾಗಿ ಔಟ್‌ಪುಟ್‌ಗೆ ಒಂದೇ ವಾಲ್ವ್. ಸಿಗ್ನಲಿನ ಎರಡೂ ಅರ್ಧವನ್ನು ಅದೊಂದೇ ನೋಡಿಕೊಳ್ಳುವುದಕ್ಕೆ ಸಿಂಗಲ್ ಎಂಡೆಡ್ ಅನ್ನುತ್ತಾರೆ, ಅದರಲ್ಲಿ ಸದಾ ಕರೆಂಟ್ ಹರಿಯುತ್ತಲೇ ಇರುವುದಕ್ಕೆ ಕ್ಲಾಸ್ ಎ. ಇದನ್ನು ತೀರ್ಮಾನಿಸಿದ ಮೇಲೆ ಉಳಿದದ್ದೆಲ್ಲ ಲೆಕ್ಕ.

ಯಾವ ವಾಲ್ವ್ ಅನ್ನೋದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಅಮೆರಿಕದ ಫೆಂಡರ್ ಚಾಂಪ್ 5ಎಫ್1 ಈ ಜಾತಿಯ ಆಂಪ್‌ಗಳಲ್ಲಿ ತುಂಬ ಹೆಸರುವಾಸಿ. ಅದರಲ್ಲಿ ಇರುವುದು 6ವಿ6. ಆದರೆ ನಮ್ಮ ಕಡೆ ಹಳೆ ರೇಡಿಯೊ ಬಿಚ್ಚಿದರೆ ಸಿಗುವುದು ಜಾಸ್ತಿ ಯೂರೋಪಿನ ಸಾಲಿನ ವಾಲ್ವ್. ಅದರಲ್ಲೂ ಇಎಲ್84. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1954ರಲ್ಲಿ ಶುರುವಾಗಿ 1961ರಿಂದ ರೇಡಿಯೊ ವಾಲ್ವ್ ತಯಾರಿಸಿತು. ಔಟ್‌ಪುಟ್‌ಗೆ ಬೇಕಾದ ಇಎಲ್84, ಅದರ ಹಿಂದಿನ ಹಂತಗಳಿಗೆ ಬೇಕಾದ ಇಸಿಸಿ83 ಎರಡನ್ನೂ ಅದು ಮಾಡುತ್ತಿತ್ತು. ಇಂಗ್ಲೆಂಡಿನ ವಾಕ್ಸ್ ಕಂಪನಿ 1950ರ ದಶಕದ ಕೊನೆಗೆ ಎಸಿ15, ಎಸಿ30 ಆಂಪ್‌ಗಳಿಗೆ ಹಾಕಿದ್ದೂ ಇದೇ ಇಎಲ್84. ನನಗೆ ಸಿಕ್ಕಿದ್ದು ನಮ್ಮ ಊರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಒಬ್ಬ ಹಿರಿಯ ರೇಡಿಯೊ ರಿಪೇರಿಯವರ ಬಳಿ. ಹತ್ತಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ಗಾಜಿನ ಮೇಲೆ ಬಿಇಎಲ್ ಮುದ್ರೆ ಅರ್ಧ ಅಳಿಸಿತ್ತು. ಒಳಗೆ ಮೇಲುಗಡೆಯ ಬೆಳ್ಳಿಯಂಥ ಲೇಪ ಮಾತ್ರ ಹೊಳೆಯುತ್ತಿತ್ತು. ಆ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ನಿರ್ವಾತವಾಗಿರಬೇಕಾದ ವಾಲ್ವಿನೊಳಗೆ ಗಾಳಿ ನುಗ್ಗಿದೆ ಅಂತ ಅರ್ಥ, ಅಂಥದ್ದನ್ನು ತೆಗೆದುಕೊಳ್ಳಬೇಡಿ. ಇಸಿಸಿ83 ಮಾತ್ರ ಹೊಸದನ್ನೇ ತರಿಸಿದೆ, ಸ್ಲೊವಾಕಿಯಾದ ಜೆಜೆ ಕಂಪನಿಯದು. ಅದನ್ನೇ 12ಎಎಕ್ಸ್7 ಅಂತಲೂ ಕರೆಯುತ್ತಾರೆ.

ಇಎಲ್84ರ ಡೇಟಾಶೀಟ್ ಓದುವುದೇ ಒಂದು ಪಾಠ. ವಾಲ್ವಿನೊಳಗೆ ಹೀಟರ್ ಕಾಯಿಸಿದ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟಿಗೆ ಹರಿಯುತ್ತವೆ. ನಡುವೆ ಗ್ರಿಡ್ ಅನ್ನುವ ಜಾಲರಿಗೆ ಕೊಟ್ಟ ಸಿಗ್ನಲ್ ಆ ಹರಿವನ್ನು ಏರಿಸಿ ಇಳಿಸುತ್ತದೆ. ಸ್ಕ್ರೀನ್ ಅನ್ನುವುದು ಇನ್ನೊಂದು ಜಾಲರಿ. ಪ್ಲೇಟಿಗೆ 250 ವೋಲ್ಟ್, ಸ್ಕ್ರೀನಿಗೆ 250 ವೋಲ್ಟ್, ಕ್ಯಾಥೋಡಿನಲ್ಲಿ 135 ಓಮ್, ಪ್ಲೇಟಿನಲ್ಲಿ 48 ಮಿಲಿಆಂಪ್, ಸ್ಕ್ರೀನಿನಲ್ಲಿ 5.5 ಮಿಲಿಆಂಪ್, ಲೋಡ್, ಅಂದರೆ ವಾಲ್ವ್ ದುಡಿಯಬೇಕಾದ ಭಾರ, 5,200 ಓಮ್. ಇಷ್ಟು ಕೊಟ್ಟರೆ 5.7 ವಾಟ್ ಹೊರಗೆ ಬರುತ್ತದೆ, 10 ಪರ್ಸೆಂಟ್ ಡಿಸ್ಟಾರ್ಶನ್ (ದನಿಯ ವಿರೂಪ) ಜೊತೆಗೆ. ಹಾಡು ಕೇಳುವ ಆಂಪಿಗೆ ಆ 10 ಪರ್ಸೆಂಟ್ ಜಾಸ್ತಿಯೇ. ಗಿಟಾರಿಗೆ ಅದೇ ಬೇಕು. ಈಗ 250ನ್ನು 48 ಮಿಲಿಆಂಪಿನಿಂದ ಗುಣಿಸಿ ನೋಡಿ. 12 ವಾಟ್. ಆ ವಾಲ್ವಿನ ಪ್ಲೇಟ್ ತಡೆಯುವುದೂ ಸರಿಯಾಗಿ 12 ವಾಟ್. ಅಂದರೆ ಡೇಟಾಶೀಟಿನವರು ಅದನ್ನು ಅಂಚಿನಲ್ಲೇ ನಿಲ್ಲಿಸಿದ್ದಾರೆ. ಕರೆಂಟ್ ಅಲುಗಾಡದ ಊರಿನಲ್ಲಿ ಅದು ನಡೆಯುತ್ತದೆ.

ನಮ್ಮ ಓಣಿಯಲ್ಲಿ ಅಲುಗಾಡುತ್ತದೆ. ಬೇಸಿಗೆಯ ಸಂಜೆ ಎಲ್ಲರ ಮನೆಯಲ್ಲೂ ಕೂಲರ್ ಶುರುವಾದ ಮೇಲೆ ಮೀಟರ್ ಹಿಡಿದರೆ 200 ವೋಲ್ಟಿನ ಆಸುಪಾಸು. ರಾತ್ರಿ ಎಲ್ಲ ಮಲಗಿದ ಮೇಲೆ 250ರ ಹತ್ತಿರ ಹೋಗುತ್ತದೆ. 230ಕ್ಕೆ ಅಂತ ಸುತ್ತಿದ ಟ್ರಾನ್ಸ್‌ಫಾರ್ಮರ್ ಸಂಜೆ ಹೀಟರಿಗೆ 6.3 ವೋಲ್ಟ್ ಬದಲು 5.5 ಕೊಡುತ್ತದೆ. ಕ್ಯಾಥೋಡ್ ಸರಿಯಾಗಿ ಕಾಯುವುದಿಲ್ಲ, ದನಿ ಸೊರಗುತ್ತದೆ. ರಾತ್ರಿ ಅದೇ ಹೀಟರಿಗೆ 6.8 ದಾಟುತ್ತದೆ, ಪ್ಲೇಟ್ 12 ವಾಟ್ ಮೀರುತ್ತದೆ, ವಾಲ್ವಿನ ಆಯಸ್ಸು ಸವೆಯುತ್ತದೆ. ಇಂಟರ್ನೆಟ್ಟಿನಲ್ಲಿ ನಾನು ನೋಡಿದ ಯಾವ ಸರ್ಕ್ಯೂಟಿನಲ್ಲೂ ಇದರ ಮಾತಿಲ್ಲ. ಬರೆದವರ ಊರಿನಲ್ಲಿ ಈ ತೊಂದರೆ ಇಲ್ಲ, ಅಷ್ಟೇ.

ಇದಕ್ಕೆ ದಾರಿ ಸಿಕ್ಕಿದ್ದು ಹಳೆ ರೇಡಿಯೊದ ಬೆನ್ನಿನಲ್ಲಿ. ವಾಲ್ವ್ ರೇಡಿಯೊಗಳ ಹಿಂದೆ ವೋಲ್ಟೇಜ್ ಆರಿಸುವ ಒಂದು ಪುಟ್ಟ ಪ್ಲಗ್ ಇರುತ್ತಿತ್ತು, ನೆನಪಿದೆಯಾ? ಊರಿನ ಕರೆಂಟ್ ಎಷ್ಟೋ ಅಷ್ಟಕ್ಕೆ ತಿರುಗಿಸಿ ಇಡುವುದು. ನನ್ನ ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೂ, ಅಂದರೆ ಮನೆಯ ಕರೆಂಟ್ ಒಳಬರುವ ಸುರುಳಿಗೂ, ಮೂರು ಟ್ಯಾಪ್ (ಬೇರೆ ಬೇರೆ ಸುತ್ತಿನಲ್ಲಿ ಹೊರತೆಗೆದ ತುದಿ) ಇರಲಿ ಅಂದುಕೊಂಡೆ: 210, 230, 250. ಹಿಂದೆ ಒಂದು ರೋಟರಿ ಸ್ವಿಚ್, ಪಕ್ಕದಲ್ಲಿ ಒಂದು ಪುಟ್ಟ ವೋಲ್ಟ್ ಮೀಟರ್. ಆಂಪ್ ಆಫ್ ಇದ್ದಾಗಷ್ಟೇ ಸ್ವಿಚ್ ತಿರುಗಿಸಬೇಕು. ಇದರ ಜೊತೆಗೆ ಕ್ಯಾಥೋಡಿನ ರೆಸಿಸ್ಟರ್ 135ರ ಬದಲು 150 ಓಮ್ ಮಾಡಿದೆ. ಕರೆಂಟ್ 45 ಮಿಲಿಆಂಪಿನ ಹತ್ತಿರ ನಿಂತಿತು, ಪ್ಲೇಟಿನಲ್ಲಿ 11 ವಾಟ್ ಚಿಲ್ಲರೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುವ ಊರಿನಲ್ಲಿ ಆ ಒಂದು ವಾಟಿನ ಬಿಡುವು ಬೇಕೇಬೇಕು. ಹೊರಗೆ ಬರುವ ದನಿಯಲ್ಲಿ ಅದರಿಂದ ಏನೂ ಕಳೆದುಹೋಗುವುದಿಲ್ಲ.

ಹೀಗೆ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್ ರೆಡಿಮೇಡ್ ಸಿಗುವುದಿಲ್ಲ. ಸುತ್ತಿಸಬೇಕು. ಕಲಬುರಗಿಯಲ್ಲಿ ಸುತ್ತುವವರಿಗೆ ಕೊರತೆಯೇ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇಷ್ಟೊಂದು ಬೋರ್‌ವೆಲ್, ಮನೆ ಮನೆಗೊಂದು ಸ್ಟೆಬಿಲೈಸರ್. ಮೋಟರ್ ಸುಟ್ಟರೆ ರೈತರು ಬೆಳಗ್ಗೆ ತಂದು ಹಾಕಿ ಸಂಜೆಗೆ ಬೇಕು ಅನ್ನುತ್ತಾರೆ. ಹಾಗೆ ಕೈ ಪಳಗಿದವರು ಇವರು. ನಾನು ಹೋದದ್ದು ಹುಮನಾಬಾದ್ ರಸ್ತೆ ಕಡೆಯ ಒಂದು ಪುಟ್ಟ ಅಂಗಡಿಗೆ. ಮಳೆ ಹಿಡಿದ ಮೇಲೆ ಹೋದೆ, ಬೇಸಿಗೆಯಲ್ಲಿ ಅವರಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ. ಎಲ್ಲರೂ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಾರೆ.

ನನ್ನ ಹಾಳೆ ನೋಡಿ ಕೇಳಿದರು, "ಏನ್ ತಮ್ಮಾ ಇದು, ಸ್ಟೆಬಿಲೈಜರಾ?"

"ಅಲ್ರಿ ಉಸ್ತಾದ್, ಗಿಟಾರಿನ ಆಂಪ್ಲಿಫೈಯರಿಗೆ. ವಾಲ್ವಿಂದು."

"ಹಳೆ ರೇಡಿಯೊದಾಗ ಇರ್ತಿದ್ವಲ್ಲ, ಅವಾ?"

"ಹೌದ್ರಿ, ಅವೇ."

ಮತ್ತೆ ಅವರು ಹಾಳೆ ಕಡೆ ನೋಡಲೇ ಇಲ್ಲ. ಸ್ಟ್ಯಾಂಪಿಂಗ್, ಅಂದರೆ ಕೋರಿನ ಕಬ್ಬಿಣದ ತಗಡುಗಳ ರಾಶಿಯಿಂದ ಒಂದು ಅಳತೆ ಎತ್ತಿಕೊಂಡು, ನಡುಗಾಲಿನ ಅಗಲವನ್ನು ದಪ್ಪದಿಂದ ಗುಣಿಸಿ 9 ಚದರ ಸೆಂಟಿಮೀಟರ್ ಅಂದರು. 45ನ್ನು ಅದರಿಂದ ಭಾಗಿಸಿದರು. ವೋಲ್ಟಿಗೆ 5 ಸುತ್ತು. ನಾನು ಫಾರ್ಮುಲಾ ಹಿಡಿದು ರಾತ್ರಿ ಮಾಡಿದ ಲೆಕ್ಕವೂ ಅದೇ. 50 ಹರ್ಟ್ಸ್, ಕಬ್ಬಿಣದ ಅಯಸ್ಕಾಂತತೆ 1 ಟೆಸ್ಲಾ ಅಂತ ಇಟ್ಟುಕೊಂಡರೆ ಟ್ರಾನ್ಸ್‌ಫಾರ್ಮರಿನ 4.44ರ ಸೂತ್ರದಿಂದ ಆ 45 ತಾನಾಗಿಯೇ ಬರುತ್ತದೆ. ಪ್ರೈಮರಿ 1,050 ಸುತ್ತಿಗೆ ಒಂದು ಟ್ಯಾಪ್, 1,150ಕ್ಕೆ ಒಂದು, 1,250ಕ್ಕೆ ಕೊನೆ. ಹೈ ವೋಲ್ಟೇಜಿಗೆ 200 ವೋಲ್ಟ್, ಅಂದರೆ 1,000 ಸುತ್ತು. ಲೋಡಿನಲ್ಲಿ ಇಳಿಯುವುದಕ್ಕೆ ಅಂತ 5 ಪರ್ಸೆಂಟ್ ಸೇರಿಸಿ 1,050. ಹೀಟರಿಗೆ ದಪ್ಪ ತಂತಿಯಲ್ಲಿ 33. ಪದರ ಪದರಕ್ಕೂ ಲೆದರಾಯ್ಡ್ ಕಾಗದ, ಪ್ರೈಮರಿ ಮತ್ತು ಸೆಕೆಂಡರಿ (ಕರೆಂಟ್ ಹೊರಬರುವ ಸುರುಳಿ) ನಡುವೆ ಎರಡೆರಡು ಪದರ. ಕೊನೆಗೆ ವಾರ್ನಿಷ್‌ನಲ್ಲಿ ಅದ್ದಿ ಬಿಸಿಲಿಗೆ ಇಡದೆ ಬಲ್ಬ್ ಹಾಕಿದ ಡಬ್ಬದಲ್ಲಿ ಒಣಗಿಸಿದರು, ಮಳೆಗಾಲ ಅಲ್ವಾ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇರೆಯದೇ ಕಥೆ. ವಾಲ್ವಿಗೆ ಬೇಕಾದ ಲೋಡ್ 5,200 ಓಮ್, ಸ್ಪೀಕರ್ ಇರುವುದು 8 ಓಮ್. ಎರಡನ್ನೂ ಭಾಗಿಸಿದರೆ 650, ಅದರ ವರ್ಗಮೂಲ 25 ಚಿಲ್ಲರೆ. ಪ್ರೈಮರಿ 2,500 ಸುತ್ತಾದರೆ ಸೆಕೆಂಡರಿ ಸುಮಾರು 100. ಇಲ್ಲಿಯವರೆಗೆ ಸುಲಭ. ತೊಡಕು ಏನೆಂದರೆ ಈ ಪ್ರೈಮರಿಯಲ್ಲಿ ಸದಾ ಒಂದೇ ದಿಕ್ಕಿನಲ್ಲಿ 45 ಮಿಲಿಆಂಪ್ ಡಿಸಿ ಹರಿಯುತ್ತಿರುತ್ತದೆ. ಆ ಡಿಸಿ ಕಬ್ಬಿಣವನ್ನು ಮೊದಲೇ ಒಂದು ಕಡೆಗೆ ಅಯಸ್ಕಾಂತ ಮಾಡಿ ನಿಲ್ಲಿಸುತ್ತದೆ. ಗಿಟಾರಿನ ಸಿಗ್ನಲ್ ಬರುವ ಹೊತ್ತಿಗೆ ಕಬ್ಬಿಣದಲ್ಲಿ ಜಾಗವೇ ಇರುವುದಿಲ್ಲ. ದಪ್ಪ ತಂತಿಯ ಸ್ವರಗಳು ಮೊದಲು ಸಾಯುತ್ತವೆ.

ಅದಕ್ಕೆ ಕೋರಿನಲ್ಲಿ ಗಾಳಿಯ ಸಂದು ಬಿಡಬೇಕು. ಸಾಮಾನ್ಯ ಟ್ರಾನ್ಸ್‌ಫಾರ್ಮರಿನಲ್ಲಿ ಇ ಆಕಾರದ ತಗಡು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಹೆಣೆದು ಹಾಕುತ್ತಾರೆ, ಸಂದೇ ಇರಬಾರದು ಅಂತ. ಇದರಲ್ಲಿ ಎಲ್ಲ ಇ ಒಂದೇ ಕಡೆ, ಎಲ್ಲ ಐ ಇನ್ನೊಂದು ಕಡೆ, ನಡುವೆ ಕಾಗದ. ಇದನ್ನು ಹೇಗೆ ಹೇಳಿ ಒಪ್ಪಿಸುವುದು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಹೇಳಲು ಶುರು ಮಾಡುವಷ್ಟರಲ್ಲೇ ಉಸ್ತಾದ್ ತಡೆದರು.

"ಹಂಗಂದ್ರ ಚೋಕ್ ಅನ್ನು. ಟ್ಯೂಬ್‌ಲೈಟ್ ಚೋಕ್ ನಾ ಎಷ್ಟ ಸುತ್ತೀನಿ! ಗ್ಯಾಪ್ ಇಡ್ಲಿಲ್ಲಂದ್ರ ಕಬ್ಬಣ ಕೂತ್ಬಿಡ್ತದ. ಕಾಗದ ಎಷ್ಟ ದಪ್ಪ ಬೇಕು, ಅದ ಹೇಳು."

ನನ್ನ ಲೆಕ್ಕಕ್ಕೆ ಬೇಕಾದದ್ದು ಕಾಲು ಮಿಲಿಮೀಟರಿಗೂ ಕಡಿಮೆ, ಒಟ್ಟು 0.2. ಕಾಗದದ ಸಂದು ನಡುಗಾಲಿನಲ್ಲಿ ಒಂದು ಸಲ, ಅಕ್ಕಪಕ್ಕದ ಕಾಲುಗಳಲ್ಲಿ ಇನ್ನೊಂದು ಸಲ ಬರುತ್ತದೆ, ಹಾಗಾಗಿ 0.1 ಮಿಲಿಮೀಟರಿನ ಒಂದು ಹಾಳೆ ಸಾಕು. ಉಸ್ತಾದ್ ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ ಒಂದು ಕಾಗದ ಆರಿಸಿದರು. ನನ್ನ ಮೈಕ್ರೋಮೀಟರಿನಲ್ಲಿ ಹಿಡಿದರೆ 0.1ಕ್ಕೆ ಕೂದಲೆಳೆಯಷ್ಟು ಜಾಸ್ತಿ. ಲೆಕ್ಕದ ಪ್ರಕಾರ 25 ಹೆನ್ರಿಯ ಸುಮಾರಿಗೆ ಇಂಡಕ್ಟನ್ಸ್ ಬರಬೇಕು. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ಆ ಸ್ವರಕ್ಕೆ 25 ಹೆನ್ರಿ ಒಡ್ಡುವ ತಡೆ 12 ಕಿಲೋಓಮಿಗೂ ಮೇಲೆ, ನಮ್ಮ 5,200ಕ್ಕೆ ಹೋಲಿಸಿದರೆ ಬೇಕಾದಷ್ಟಾಯಿತು.

ಸುತ್ತುವ ಕ್ರಮವನ್ನು ಮಾತ್ರ ನಾನು ಪಟ್ಟು ಹಿಡಿದು ಮಾಡಿಸಿದೆ. ಮೊದಲು ಪ್ರೈಮರಿ ಅರ್ಧ, 1,250 ಸುತ್ತು. ಅದರ ಮೇಲೆ ಸೆಕೆಂಡರಿ ಪೂರ್ತಿ. ಅದರ ಮೇಲೆ ಪ್ರೈಮರಿಯ ಉಳಿದರ್ಧ. ಹೀಗೆ ನಡುವೆ ಇಟ್ಟರೆ ಎರಡೂ ಸುರುಳಿಗಳು ಹತ್ತಿರವಾಗಿ, ಮೇಲಿನ ಸ್ವರಗಳು ಸೋರಿ ಹೋಗುವುದಿಲ್ಲ. 36 ಗೇಜಿನ ತಂತಿ ಬಲು ಸಣ್ಣ, ಸ್ವಲ್ಪ ಬಿಗಿದರೂ ತುಂಡಾಗುತ್ತದೆ. ಉಸ್ತಾದ್ ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಚೂರು ಉಣ್ಣೆ ಬಟ್ಟೆ ಹಿಡಿದು, ಅದರೊಳಗಿಂದ ತಂತಿ ಹರಿಯಲು ಬಿಟ್ಟು, ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದರು. ಕೌಂಟರಿನ ಅಂಕಿ ಟಕಟಕ ಏರುತ್ತಿತ್ತು. ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಕಣ್ಣೆಲ್ಲ ತಂತಿ ಪದರದ ಅಂಚಿನ ಮೇಲೆ. ಅಂಚಿಗೆ ಬಂದ ತಂತಿ ಒಂದೇ ಒಂದು ಸುತ್ತು ಕೆಳಗಿನ ಪದರಕ್ಕೆ ಜಾರಿದರೂ, ವೋಲ್ಟೇಜಿನಲ್ಲಿ ವ್ಯತ್ಯಾಸ ಇರುವ ಎರಡು ತಂತಿ ಮುಟ್ಟಿಕೊಳ್ಳುತ್ತವೆ. ಇವತ್ತಲ್ಲ ನಾಳೆ ಅಲ್ಲೇ ಸುಡುತ್ತದೆ. ಇದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ.

ವಿದೇಶದಿಂದ ಹೆಸರಾಂತ ಟ್ರಾನ್ಸ್‌ಫಾರ್ಮರ್ ತರಿಸುವವರನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಇಷ್ಟು ಒಳ್ಳೆ ಕೈ ನಮ್ಮ ಊರಿನಲ್ಲೇ ಇದ್ದಾಗ, ಸಾಗಣೆ ಮತ್ತು ಸುಂಕಕ್ಕೇ ಅಷ್ಟು ದುಡ್ಡು ಸುರಿಯುವುದು ಯಾಕೆ ಅಂತ ನನಗೆ ನಿಜಕ್ಕೂ ಅನ್ನಿಸುತ್ತದೆ. ಮೋಟರ್ ಸುತ್ತುವವರನ್ನು ಕೇಳಿ ನೋಡಿ. ಅಳತೆ, ಗೇಜು, ಸುತ್ತು, ಸಂದು ಇಷ್ಟನ್ನು ಸ್ಪಷ್ಟವಾಗಿ ಬರೆದುಕೊಂಡು ಹೋಗಿ. ಪಕ್ಕದಲ್ಲಿ ಕೂತು ಮಾಡಿಸಿಕೊಳ್ಳಿ.

ಮುಂದಿನ ಸರ್ಕ್ಯೂಟ್ ದೊಡ್ಡದೇನಲ್ಲ. 200 ವೋಲ್ಟ್ ಎಸಿಯನ್ನು ಡಿಸಿ ಮಾಡಲು ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜಿಗೆ ಕೊಟ್ಟು, 450 ವೋಲ್ಟಿನ 47 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ತುಂಬಿದರೆ, ಲೋಡ್ ಬಿದ್ದ ಮೇಲೆ 265 ವೋಲ್ಟಿನ ಸುಮಾರಿಗೆ ನಿಲ್ಲುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಯಲ್ಲಿ ಹತ್ತು ಹನ್ನೊಂದು ವೋಲ್ಟ್, ಕ್ಯಾಥೋಡಿನಲ್ಲಿ ಏಳು ವೋಲ್ಟ್ ಚಿಲ್ಲರೆ ಕಳೆದರೆ ವಾಲ್ವಿಗೆ ಸಿಗುವುದು ಹತ್ತಿರ ಹತ್ತಿರ 250. ಇಸಿಸಿ83ರ ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಎರಡು ಪುಟ್ಟ ವಾಲ್ವ್ ಇವೆ. ಒಂದೊಂದಕ್ಕೂ ಪ್ಲೇಟಿನಲ್ಲಿ 100 ಕಿಲೋಓಮ್, ಕ್ಯಾಥೋಡಿನಲ್ಲಿ 1.5 ಕಿಲೋಓಮ್. ಇದು ಗಿಟಾರ್ ಆಂಪ್‌ಗಳಲ್ಲಿ ಎಲ್ಲ ಕಡೆ ಕಾಣುವ ಜೋಡಿ. ಒಂದು ಹಂತ ಸಿಗ್ನಲನ್ನು ಸುಮಾರು 60 ಪಟ್ಟು ಏರಿಸುತ್ತದೆ. ಗಿಟಾರಿನಿಂದ 100 ಮಿಲಿವೋಲ್ಟ್ ಬಂದರೆ ಮೊದಲ ಹಂತದಲ್ಲೇ 6 ವೋಲ್ಟ್. ಇಎಲ್84 ಪೂರ್ತಿ ದುಡಿಯಲು ಬೇಕಾದದ್ದು 4.3 ವೋಲ್ಟ್ ಅಷ್ಟೇ. ಹಾಗಾದರೆ ಎರಡನೇ ಟ್ರಯೋಡ್ ಯಾಕೆ ಅಂತ ಕೇಳಬಹುದು. ವಾಲ್ಯೂಮ್, ಟೋನ್ ಕಂಟ್ರೋಲ್‌ಗಳು ತಿನ್ನುವುದನ್ನು ತುಂಬಿಕೊಡಲು, ಮತ್ತು ಒತ್ತಿ ಮೀಟಿದಾಗ ಔಟ್‌ಪುಟ್ ವಾಲ್ವನ್ನು ಮಿತಿ ದಾಟಿಸಲು.

ಇನ್‌ಪುಟ್ ಜ್ಯಾಕಿನಿಂದ ಗ್ರಿಡ್ಡಿಗೆ ಹೋಗುವ ದಾರಿಯಲ್ಲಿ 68 ಕಿಲೋಓಮಿನ ಒಂದು ರೆಸಿಸ್ಟರ್ ಇದೆ. ನೋಡಲು ಬೇಡವಾದ ವಸ್ತುವಿನಂತೆ ಕಾಣುತ್ತದೆ, ಆದರೆ ತೆಗೆಯಬೇಡಿ. ವಾಲ್ವಿನ ಒಳಗಿನ ಪುಟ್ಟ ಕೆಪಾಸಿಟನ್ಸ್ ಆ ಅರವತ್ತು ಪಟ್ಟು ಏರಿಕೆಯಿಂದಾಗಿ ತಾನೂ ಅರವತ್ತರಷ್ಟು ಹಿಗ್ಗುತ್ತದೆ. ಅದೂ ಈ ರೆಸಿಸ್ಟರೂ ಸೇರಿ 20 ಕಿಲೋಹರ್ಟ್ಸಿನ ಆಚೆಯದನ್ನು ಇಳಿಸುತ್ತವೆ. ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರವೇ ಇದೆ. ವಾರ್ತೆ ಗಿಟಾರಿನ ಮೂಲಕ ಕೇಳಿಸಬಾರದು ಅಂದರೆ ಈ ಪುಟ್ಟ ರೆಸಿಸ್ಟರನ್ನು ವಾಲ್ವ್ ಬೇಸಿನ ಪಿನ್ನಿಗೆ ಅಂಟಿಸಿಯೇ ಬೆಸುಗೆ ಹಾಕಬೇಕು.

ಇದನ್ನೆಲ್ಲ ಕೂರಿಸುವ ಚಾಸಿಗೆ ಎರಡು ಮಿಲಿಮೀಟರ್ ಅಲ್ಯೂಮಿನಿಯಂ ತಗಡು. ಬಗ್ಗಿಸಿಕೊಟ್ಟವರು ಕೂಲರ್ ಬಾಡಿ ಮಾಡುವವರು, ಬೇಸಿಗೆ ಮುಗಿದ ಮೇಲೆ ಅವರಿಗೂ ಬಿಡುವು. ಟ್ರಾನ್ಸ್‌ಫಾರ್ಮರ್‌ಗಳನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದು ಒಳ್ಳೆ ಉಪಾಯ ಇದೆ, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಂಧ್ರ ಕೊರೆಯುವ ಮೊದಲು ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗಷ್ಟೇ ಕರೆಂಟ್ ಕೊಡಿ. ಉಳಿದ ತುದಿಗಳಿಗೆಲ್ಲ ಟೇಪ್ ಸುತ್ತಿರಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಯಾವುದಕ್ಕೂ ಜೋಡಿಸದೆ, ಅದರ ಸೆಕೆಂಡರಿಗೆ ಹೆಡ್‌ಫೋನ್ ಹಾಕಿ. ಈಗ ಅದನ್ನು ಮೆಲ್ಲಗೆ ಆಚೆ ಈಚೆ ಸರಿಸಿ, ತಿರುಗಿಸಿ. ಒಂದು ಕೋನದಲ್ಲಿ ಗುಂಯ್ ಅನ್ನುವುದು ಜೋರಾಗುತ್ತದೆ, ಇನ್ನೊಂದರಲ್ಲಿ ಪೂರ್ತಿ ಅಡಗುತ್ತದೆ. ಅಡಗಿದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳಿ. ಪುಸ್ತಕಗಳು 90 ಡಿಗ್ರಿ ತಿರುಗಿಸಿ ಅನ್ನುತ್ತವೆ. ನನ್ನದು ಅಡಗಿದ್ದು ಅದಕ್ಕಿಂತ ಸ್ವಲ್ಪ ವಾರೆಯಾಗಿ. ಹಾಗೇ ಕೂರಿಸಿದ್ದೇನೆ.

ಕರೆಂಟಿನ ವಿಷಯದಲ್ಲಿ ಒಂದು ಮಾತು. ಇದರೊಳಗಿರುವ 265 ವೋಲ್ಟ್ ಡಿಸಿ ಜೀವ ತೆಗೆಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಫಿಲ್ಟರ್ ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋಓಮಿನ 2 ವಾಟ್ ರೆಸಿಸ್ಟರ್ ಹಾಕಿದರೆ ಒಂದು ನಿಮಿಷದೊಳಗೆ ಬರಿದಾಗುತ್ತದೆ. ಆದರೂ ಪ್ರತಿ ಸಲ ಮೀಟರ್ ಹಿಡಿದು ನೋಡಿಯೇ ಕೈ ಹಾಕಿ. ಅಳೆಯುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬಲ್ಬ್ ಹಾಕಿ, ಹಳೆ ತರದ 60 ವಾಟ್ ಫಿಲಮೆಂಟ್ ಬಲ್ಬ್. ಒಮ್ಮೆ ಬೆಳಗಿ ಮಂಕಾದರೆ ಸರಿ. ಬೆಳಗುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಓಡಿಸಬೇಡಿ. ಉಸ್ತಾದರ ಅಷ್ಟು ಚೆಂದದ ಕೆಲಸ ಒಂದು ಕಿಡಿಯಲ್ಲಿ ಹೋಗುತ್ತದೆ.

ನನ್ನದು ಮೊದಲ ಸಲ ಆನ್ ಮಾಡಿದಾಗ ದನಿ ಬಂತು, ಜೊತೆಗೆ ಗುಂಯ್ ಕೂಡ ಬಂತು. ಕೈಯಲ್ಲಿ ಕಟ್ಟಿದ ಆಂಪಿನಲ್ಲಿ ಇದು ಇದ್ದದ್ದೇ. ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಮೊದಲು ಅದರ ಸ್ವರ ಗುರುತಿಸಬೇಕು. ಗಿಟಾರ್ ಇದ್ದರೆ ಮೀಟರೂ ಬೇಡ. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಗುಂಯ್ ಅದಕ್ಕೆ ಹತ್ತಿರ ಹತ್ತಿರ ಕೂಡಿದರೆ ಅದು 100 ಹರ್ಟ್ಸ್, ಅಂದರೆ ಡಯೋಡ್‌ಗಳ ಆಚೆಯದು, ಫಿಲ್ಟರ್ ಸಾಲದು. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್. ಹೀಟರ್ ತಂತಿಯೋ, ಅರ್ಥಿಂಗೋ ನೋಡಬೇಕು. ಅವತ್ತು ಕಾಕಾ ಪಕ್ಕದಲ್ಲೇ ಇದ್ದರು. ನಾನು ಫ್ರೆಟ್ ಒತ್ತುವ ಮೊದಲೇ ಪೇಟಿಯ ಒಂದು ಮನೆ ಒತ್ತಿ, "ಇದರ ಕೆಳಗಿನ ಸಪ್ತಕದಾಗ ಅದ ನೋಡು" ಅಂದರು. 50 ಹರ್ಟ್ಸ್.

ಹೀಟರಿನ ಎರಡೂ ತಂತಿ ಬಿಗಿಯಾಗಿ ಹೊಸೆದೇ ಇದ್ದವು. ಎರಡು 100 ಓಮ್ ರೆಸಿಸ್ಟರಿನಿಂದ ನಡುಬಿಂದು ಮಾಡಿ, ಅದನ್ನು ನೆಲಕ್ಕೆ ಕೊಡದೆ ಇಎಲ್84ರ ಕ್ಯಾಥೋಡಿಗೆ ಕೊಟ್ಟಿದ್ದೆ. ಅಲ್ಲಿರುವ ಏಳು ವೋಲ್ಟ್ ಹೀಟರನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸುತ್ತದೆ, ಕ್ಯಾಥೋಡಿಗೆ ಸೋರುವುದು ಕಡಿಮೆಯಾಗುತ್ತದೆ. ಹಾಗಾಗಿ ಅನುಮಾನ ಗೋಡೆಯ ಕಡೆ ಹೋಯಿತು. ಹಳೆ ಮನೆ, ಮೂರು ತೂತಿನ ಸಾಕೆಟ್ ಇತ್ತು. ಅರ್ಥಿನ ತಂತಿ ಹಿತ್ತಲಿನ ಪೈಪಿನವರೆಗೂ ಹೋಗಿತ್ತು. ಆದರೆ ಪೈಪಿನ ಸುತ್ತಲಿನ ಎರೆ ಮಣ್ಣು ಒಣಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದಿತ್ತು. ಬಿರುಕಿನಲ್ಲಿ ಅಂಗೈ ಇಳಿಯುತ್ತಿತ್ತು. ಈ ಮಣ್ಣಿನ ಗುಣವೇ ಅದು. ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪಕ್ಕದಲ್ಲಿ ಹೊಸ ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿದೆ. ಮೇಲೆ ನೀರು ಹಾಕಲು ಬಾಯಿ ಬಿಟ್ಟಿದ್ದೇವೆ. ಬೇಸಿಗೆಯಲ್ಲಿ ಅಮ್ಮ ತುಳಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಕೊಡ ಹಾಕುತ್ತಾರೆ. ಗುಂಯ್ ಹೋಯಿತು. ಆಂಪಿಗಿಂತ ಮುಖ್ಯವಾಗಿ ಮನೆಗೆ ಒಂದು ನಂಬುವಂಥ ಅರ್ಥಿಂಗ್ ಆಯಿತು. ನಿಮ್ಮ ಮನೆಯದನ್ನೂ ಒಮ್ಮೆ ನೋಡಿಸಿ.

ಪೆಟ್ಟಿಗೆ ಬೇವಿನ ಹಲಗೆಯದು, ಹಿಂಬದಿ ಅರ್ಧ ತೆರೆದದ್ದು, ಹತ್ತಿಂಚಿನ 8 ಓಮ್ ಸ್ಪೀಕರ್.

ಆಮೇಲಿನ ಕೆಲಸವೆಲ್ಲ ಕಿವಿಯದು. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲಿನ ನೆಲ, ದಪ್ಪ ಗೋಡೆ. ಕೆಳಸ್ವರಗಳು ಅಲ್ಲೇ ಸುತ್ತುತ್ತ ಉಳಿಯುತ್ತವೆ. ಮೊದಲ ಟ್ರಯೋಡಿನ ಕ್ಯಾಥೋಡಿಗೆ ಸಾಮಾನ್ಯವಾಗಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುತ್ತಾರೆ. ಅದರಲ್ಲಿ ಎಲ್ಲ ಕೆಳಸ್ವರವೂ ಪೂರ್ತಿ ಬರುತ್ತದೆ. ಈ ಕೋಣೆಗೆ ಅದು ಭಾರವಾಯಿತು, ತಬಲಾದ ಡಗ್ಗಾ ಕೇಳಿಸದಂತಾಯಿತು. 0.68 ಹಾಕಿದರೆ ಗಿಟಾರ್ ತೆಳ್ಳಗಾಯಿತು. 2.2ರಲ್ಲಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಎರಡು ರೂಪಾಯಿಯ ವಸ್ತು ಬದಲಿಸಿ ಇಡೀ ಕೂಟದ ದನಿ ತಿದ್ದಬಹುದು ಅನ್ನುವುದು, ಕೈಯಲ್ಲಿ ಕಟ್ಟಿದವರಿಗಷ್ಟೇ ಸಿಗುವ ಸುಖ.

ಒಂದೇ ವಾಲ್ವಿನ ಔಟ್‌ಪುಟ್ ಮಿತಿಗೆ ಬಂದಾಗ ಸಿಗ್ನಲಿನ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಒಂದೇ ರೀತಿ ಬಾಗುವುದಿಲ್ಲ. ಆ ವ್ಯತ್ಯಾಸದಿಂದ ಎರಡನೇ ಹಾರ್ಮೋನಿಕ್ ಹುಟ್ಟುತ್ತದೆ, ಅಂದರೆ ಅದೇ ಸ್ವರದ ಮೇಲಿನ ಸಪ್ತಕ. 82 ಹರ್ಟ್ಸಿನ ಇ ಮೀಟಿದರೆ 164ರ ಇ ಕೂಡ ಮೆಲ್ಲಗೆ ಜೊತೆಗೂಡುತ್ತದೆ. ಪೇಟಿಯಲ್ಲಿ ಕಾಕಾ ಎರಡು ಸಾಲು ರೀಡ್ ತೆರೆದು ನುಡಿಸಿದಾಗ ಆಗುವುದೂ ಇದೇ, ಖರ್ಜದ ಜೊತೆ ಮೇಲಿನದೂ ನುಡಿಯುತ್ತದೆ. ಅದಕ್ಕೇ ಇರಬೇಕು, ಈ ಆಂಪ್ ಬಂದ ಮೇಲೆ ಗಿಟಾರೂ ಪೇಟಿಯೂ ಜಗಳ ಬಿಟ್ಟಿವೆ. ಮೊದಲ ಶನಿವಾರ ಒಂದು ವಚನ ಪೂರ್ತಿ ನುಡಿಸಿದ ಮೇಲೆ ಕಾಕಾ ತಿದಿ ಬಿಟ್ಟು, "ಇದು ಕಿವಿಗಿ ಹೊಡಿಯಂಗಿಲ್ಲ. ಪೇಟಿ ಜೋಡಿ ಛಲೋ ಕೂಡ್ತದ" ಅಂದರು. ಅವರು ಸುಮ್ನೆ ಹೊಗಳುವವರಲ್ಲ.

ಈಗ ಅವರದೇ ಒಂದು ಬೇಡಿಕೆ ಇದೆ. ಹಾಡುವವರ ಮೈಕನ್ನೂ ಇದರಂಥದ್ದೇ ಆಂಪಿನಲ್ಲಿ ಹಾಕಬೇಕಂತೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಹಾಗಾಗಿ ಮುಂದೆ ಒಂದು ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಬೆರಳ ಗಾತ್ರದ್ದು, ಗುಂಯ್ ಹಿಡಿಯದಂತೆ ಕಬ್ಬಿಣದ ಡಬ್ಬಿಯೊಳಗೆ ಕೂರುವಂಥದ್ದು. ಉಸ್ತಾದರಿಗೆ ಹೇಳಿದೆ. ತಂತಿ ಸುತ್ತಲು ಅಷ್ಟು ಸಣ್ಣ ಬಾಬಿನ್ ತಮ್ಮ ಬಳಿ ಇಲ್ಲ, ಮಾಡಿಸಿಕೊಂಡು ಬಾ, ಸುತ್ತಿ ಕೊಡ್ತೀನಿ ಅಂದಿದ್ದಾರೆ. ಬೇಕೆಲೈಟ್ ಹಾಳೆ ತಂದಿಟ್ಟಿದ್ದೇನೆ.